ರಾಜಲಕ್ಷ್ಮಿ ಆಂಟಿಯ ಸಾಕ್ಷಿ

ಗುರುರಾಜ ಅಂಕಲ್‌ಗೆ ಗೊತ್ತಿಲ್ಲದ ವಿಷಯ ಅಮೆರಿಕದ ಸೆಂಟರ್‌ವಿಲ್‌ನಲ್ಲಿ ಯಾವುದೂ ಇಲ್ಲ. ಪುಳಿಯೋಗರೆ ಗೊಜ್ಜಿಗೆ ಎಷ್ಟು ಎಳ್ಳು, ಯಾವ ಬ್ಯಾಂಕಿನಲ್ಲಿ ಮಾರ್ಟ್‌ಗೇಜ್, ಪಕ್ಕದ ಮನೆಯ ಸೊಸೆ ಯಾವಾಗ ಹೆರಬೇಕು, ಎಲ್ಲದಕ್ಕೂ ಅವರ ಅಪ್ಪಣೆ ಸಿದ್ಧ. 2020ರ ಜನವರಿಯಲ್ಲಿ ಅವರ ಕಣ್ಣು ಕಾನೂನಿನ ಮೇಲೆ ಬಿತ್ತು. ಗರ್ಭ ತೆಗೆಸುವ ಮೊದಲು ಹೆಂಗಸಿಗೆ ಸ್ಕ್ಯಾನ್ ಮಾಡಲೇಬೇಕು, ಚಿತ್ರ ನೋಡುತ್ತೀಯಾ ಎಂದು ಕೇಳಲೇಬೇಕು ಎನ್ನುವ ನಿಯಮ ನಮ್ಮ ವರ್ಜೀನಿಯಾ ರಾಜ್ಯದಲ್ಲಿತ್ತು. ಅದನ್ನು ತೆಗೆದುಹಾಕಲು ಮಸೂದೆ ಬಂದಿತ್ತು. ಬಸುರು ಬಾಣಂತನದ ಗಂಧಗಾಳಿ ಇಲ್ಲದ ಈ ಮನುಷ್ಯನಿಗೆ ಅದನ್ನು ಸಹಿಸಲಾಗಲಿಲ್ಲ.

ರಾಜಧಾನಿ ರಿಚ್ಮಂಡ್‌ನಲ್ಲಿ ಶಾಸಕರು ನಡೆಸುವ ವಿಚಾರಣೆಯಲ್ಲಿ ಯಾರು ಬೇಕಾದರೂ ಮಾತನಾಡಬಹುದು. ಆದರೆ ಇಂಥದಕ್ಕೆ ಹೆಂಗಸಿನ ಬಾಯಿ ಇದ್ದರೆ ಚೆನ್ನ ಎಂದು ಅವರಿಗೆ ಹೊಳೆಯಿತು. ಹೆಂಡತಿ ರಾಜಲಕ್ಷ್ಮಿ ಆಂಟಿಯ ಹೆಸರು ಕೊಟ್ಟು, ಇಂಗ್ಲಿಷಿನಲ್ಲಿ ಭಾಷಣ ತಾವೇ ಬರೆದರು. ಕನ್ನಡ ಸಂಘದಲ್ಲೂ ಹೀಗೇ: ವೇದಿಕೆಯಲ್ಲಿ ಓದುವುದು ಆಂಟಿಯರು, ಬರೆದುಕೊಡುವುದು ಅಂಕಲ್. ಉಚ್ಚಾರ ತಿದ್ದುವ ಕೆಲಸ ಎದುರು ಮನೆಯ ನಿಧಿಯ, ಅಂದರೆ ನನ್ನ, ಪಾಲಿಗೆ ಬಂತು.

ಸಂಕ್ರಾಂತಿಯ ಎಳ್ಳು ಬೀರಲು ಎಂಟು ಹತ್ತು ಹೆಂಗಸರು ಅವರ ಮನೆಗೆ ಬಂದಿದ್ದರು. ಜನ ಸಿಕ್ಕರೆ ಅಂಕಲ್ ಬಿಡುವವರೇ?

"ನಿಧಿ, ಟೈಮರ್ ಇಡಮ್ಮ. ಮೂರೇ ನಿಮಿಷ ಕೊಡ್ತಾರೆ. ರಾಜಿ, ಸ್ವಲ್ಪ ಎಮೋಷನ್ ಹಾಕಿ ಓದು."

ಆಂಟಿ ಕನ್ನಡಕ ಹಾಕಿಕೊಂಡು ಓದಿದರು. ಸ್ಕ್ಯಾನ್‌ನಲ್ಲಿ ಮಗುವನ್ನು ಕಂಡು ನನ್ನ ಕರುಳು ಚುರ್ ಎಂದಿತು, ಆ ಚಿತ್ರ ನೋಡಿದ ಯಾರೂ ಮಗುವನ್ನು ತೆಗೆಸಲಾರರು ಎಂಬರ್ಥದ ಸಾಲು ಬಂತು. ಅಲ್ಲಿ ನಿಂತರು.

"ಯಾಕೆ, ಪ್ರೊನನ್ಸಿಯೇಷನ್ನಾ?" ಎಂದರು ಅಂಕಲ್.

"ಅಲ್ಲಾರೀ. ನಾನು ನೋಡೇ ಇಲ್ವಲ್ಲ."

"ಏನನ್ನ?"

"ಸ್ಕ್ಯಾನ್ನ. ನಮ್ಮ ಯಶವಂತ್ ಹುಟ್ಟೋಕೆ ಮುಂಚೆ ಎರಡು ಸಲ ಬಸುರಾದಾಗ್ಲೂ ಮೈಸೂರಲ್ಲಿ ಮಾಡಿಸಿದ್ರಿ. ಎರಡು ಸಲಾನೂ ಡಾಕ್ಟ್ರು ಸ್ಕ್ರೀನ್ ತಿರುಗಿಸಿದ್ದು ನಿಮ್ಮ ಕಡೆಗೆ. ನಾನು ಗೋಡೆ ನೋಡ್ಕೊಂಡು ಮಲಗಿದ್ದೆ. ಹೆಣ್ಣು ಅಂದ್ರು. ಎರಡೂ ಹೆಣ್ಣೇ. ಸೋಮವಾರ ಬಂದು ಅಡ್ಮಿಟ್ ಮಾಡಿ ಅಂದ್ರು, ನೀವು ಹೂಂ ಅಂದ್ರಿ. ನೋಡಿದವರು ನೀವು. ತೆಗೆಸಿದವರೂ ನೀವೇ."

ಇಷ್ಟು ವರ್ಷ ಈ ಮನುಷ್ಯನಿಗೆ ನಮಸ್ಕಾರ ಹೇಳುತ್ತಿದ್ದೆನಲ್ಲ ಎಂದು ನನಗೆ ಅಸಹ್ಯವಾಯಿತು.

"ಅದು ಬೇರೆ ವಿಷ್ಯ ಕಣೇ. ಆಗಿನ ಕಾಲ. ಅಮ್ಮ ಹೇಳಿದ್ರು," ಎಂದರು ಅಂಕಲ್. ಅರವತ್ತು ದಾಟಿದ ಗಂಡಸು, ಸತ್ತುಹೋದ ತಾಯಿಯ ಸೆರಗಿನ ಹಿಂದೆ ಅಡಗಿಕೊಂಡರು. ಆಮೇಲೆ ದನಿ ತಗ್ಗಿಸಿ, "ಬಿಡು, ರಿಚ್ಮಂಡ್‌ಗೆ ಹೋಗೋದೇ ಬೇಡ," ಎಂದರು.

"ಹೆಸರು ಕೊಟ್ಟಾಗಿದೆಯಲ್ರೀ. ಹೋಗ್ತೀನಿ."

ವಿಚಾರಣೆಯ ದಿನ ಬೆಳಿಗ್ಗೆ ಅಂಕಲ್‌ಗೆ ಸೊಂಟ ಹಿಡಿದುಕೊಂಡಿತು. ಅಷ್ಟು ಸಮಯಪ್ರಜ್ಞೆ ಇರುವ ಸೊಂಟವನ್ನು ನಾನು ಕಂಡಿಲ್ಲ. ಆಂಟಿಯನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ.

ಹೆಸರು ಕರೆದಾಗ ಆಂಟಿ ಎದ್ದು ಮೈಕಿನ ಮುಂದೆ ನಿಂತರು. ತಮ್ಮ ಇಂಗ್ಲಿಷಿನಲ್ಲೇ, ಮನೆಯಲ್ಲಿ ಹೇಳಿದ್ದನ್ನು ಅಲ್ಲೂ ಹೇಳಿದರು. ಕೊನೆಗೆ, "ಅವತ್ತು ನನ್ನ ಹೊಟ್ಟೆಯ ವಿಷಯ ಅವರು ತೀರ್ಮಾನ ಮಾಡಿದರು, ಇವತ್ತು ನೀವು ಮಾಡಲು ಕೂತಿದ್ದೀರಿ, ಹೆಂಗಸನ್ನು ಅವಳ ಪಾಡಿಗೆ ಬಿಡಿ," ಎಂದರು.

ಹೊರಗೆ ಬರುವಷ್ಟರಲ್ಲಿ ಅಂಕಲ್ ಏಳು ಸಲ ಫೋನ್ ಮಾಡಿದ್ದರು. ಎಂಟನೆಯದನ್ನು ಆಂಟಿ ಎತ್ತಿದರು.

"ನನ್ನ ಹೆಸರೇನೂ ಹೇಳ್ಲಿಲ್ಲ ತಾನೇ?"

"ಹೇಳ್ದೆ. ರೆಕಾರ್ಡಿಗೆ ಬೇಕು ಅಂದ್ರು, ಸ್ಪೆಲ್ಲಿಂಗೂ ಹೇಳ್ದೆ."