ಓಣಿಗೊಬ್ಬನೇ ಶ್ರೀಮಂತ

ಕಬನೂರಿನ ಮಗ್ಗದ ಓಣಿಯಲ್ಲಿ ಸೀರೆಯೊಳಗೆ ಅಕ್ಕಾತಾಯಿ ಹೊಲಿದ ಪರಕರ ಉಡದ ಹೆಂಗಸರಿಲ್ಲ. ಶೆಡ್ಡುಗಳಲ್ಲಿ ಉಳಿದ ತುಂಡು ಬಟ್ಟೆ ತಂದು, ಬಲಗಾಲೊಂದರಿಂದಲೇ ಮಶೀನು ತುಳಿದು, ದಿನಕ್ಕೆ ಹನ್ನೆರಡು ಪರಕರ ಹೊಲಿಯುತ್ತಾಳೆ. ಎಡಗಾಲು ಅವಳು ಎರಡು ವರ್ಷದವಳಿದ್ದಾಗಲೇ ಪೋಲಿಯೋದಿಂದ ಸಣಕಲಾಗಿತ್ತು. ಅದಕ್ಕಾಗಿ ಸರಕಾರ ತಿಂಗಳಿಗೆ ಎರಡೂವರೆ ಸಾವಿರ ಪೆನ್ಷನ್ ಕೊಡುತ್ತದೆ. ಜೊತೆಗೊಂದು ಷರತ್ತು: ವರ್ಷದ ಆದಾಯ ಐವತ್ತು ಸಾವಿರ ದಾಟಬಾರದು.

ಊರಿನ ಕಂದಾಯ ನೋಡಿಕೊಳ್ಳುವ ತಲಾಠಿ ಯಾವಾಗ ಆದಾಯದ ಚೌಕಶಿಗೆ, ವಿಚಾರಣೆಗೆ, ಬರುತ್ತಾನೋ ಹೇಳಲಾಗದು. ಹೀಗಾಗಿ ಬಡವಿಯಾಗಿ ಕಾಣುವುದೂ ಅಕ್ಕಾತಾಯಿಗೆ ಒಂದು ಕೆಲಸವೇ ಆಗಿತ್ತು. ಬ್ಯಾಂಕಿನಲ್ಲಿ ಹಣ ಬಿಟ್ಟರೆ ಪಾಸ್‌ಬುಕ್ಕು ಚಾಡಿ ಹೇಳುತ್ತದೆಂದು ಖಾತೆಯನ್ನು ತಿಂಗಳು ತಿಂಗಳು ಬರಿದು ಮಾಡುತ್ತಿದ್ದಳು. ಫ್ರಿಜ್ಜಿಗೆ ಹಳೆಯ ಸೀರೆ ಹೊದಿಸಿ ಮೇಲೆ ದೇವರ ಫೋಟೋ ಇಟ್ಟಿದ್ದಳು. ಬಂದವರು ಕೈ ಮುಗಿಯುತ್ತಿದ್ದರೇ ಹೊರತು ಸೀರೆ ಎತ್ತಿ ನೋಡುತ್ತಿರಲಿಲ್ಲ. ಒಮ್ಮೆ ಒಳಗಿನ ಮೋಟರು ಗುರ್ ಅಂದಾಗ ಒಬ್ಬ ಮುದುಕ ಗಲ್ಲ ಗಲ್ಲ ಬಡಿದುಕೊಂಡು ಕಾಯಿ ಒಡೆಸಿ ಹೋಗಿದ್ದ.

ಉಳಿತಾಯವೆಲ್ಲ ಎದುರು ಮನೆಯ ಯಮುನವ್ವನ ಭಿಶಿಯಲ್ಲಿ. ಇಪ್ಪತ್ತು ಹೆಂಗಸರು ತಿಂಗಳಿಗಿಷ್ಟು ಅಂತ ಹಾಕಿ, ಚೀಟಿ ಎತ್ತಿ, ಹೆಸರು ಬಂದವಳಿಗೆ ಇಡೀ ಗಂಟು ಕೊಡುವ ಪದ್ಧತಿ. ಈ ಸಲ ಚೀಟಿ ಅಕ್ಕಾತಾಯಿಯದು ಬಂತು. ಬೇರೆಯವರಾಗಿದ್ದರೆ ಕುಣಿಯುತ್ತಿದ್ದರು, ಇವಳು ಮೊದಲು ಬಾಗಿಲು ಹಾಕಿದಳು.

“ಗಾಡಿ ತಗೋತೇನಿ,” ಎಂದಳು ಯಮುನವ್ವನಿಗೆ, ಪಿಸುದನಿಯಲ್ಲಿ. “ಬಾಜೂಕ ಎರಡು ಗಾಲಿ ಇರೂ ಸ್ಕೂಟರ್. ಜಯಸಿಂಗಪುರದ ಪ್ಯಾಟಿಗೆ ನಾನ ಹೋಗತೇನಿ, ನನ್ನ ಪರಕರ ನಾನ ಮಾರತೇನಿ. ಯಾರ ಬೆನ್ನ ಹಿಂದೂ ಕೂಡಂಗಿಲ್ಲ ಇನ್ನ.”

ಇಷ್ಟು ವರ್ಷ ಅವಳು ಕುಳಿತದ್ದು ತಮ್ಮ ಕೃಷ್ಣಾನ ಬೆನ್ನ ಹಿಂದೆ. ಅವನು ಯಾರದಾದರೂ ಮೋಟರ್‌ಸೈಕಲ್ ಕೇಳಿ ತರುತ್ತಿದ್ದ, ದಾರಿಯಲ್ಲಿ ಕಂಡವರೊಡನೆಲ್ಲ ಮಾತಿಗೆ ನಿಲ್ಲುತ್ತಿದ್ದ. ಪೇಟೆ ಮುಟ್ಟುವಷ್ಟರಲ್ಲಿ ಗಿರಾಕಿಗಳು ಮನೆ ಮುಟ್ಟಿರುತ್ತಿದ್ದರು.

ಆದರೆ ಗಾಡಿ ಯಾರ ಹೆಸರಿಗೆ? ಮರುದಿನ ನಾಮದೇವನ ಶೆಡ್ಡಿನ ಮುಂದೆ ಓಣಿಯ ಸಭೆ ಸೇರಿತು.

“ನನ್ನ ಹೆಸರಿಗೆ ಗಾಡಿ ಬಂದ್ರ ಪೆನ್ಷನ್ ಹೋಗತೈತಿ,” ಎಂದಳು ಅಕ್ಕಾತಾಯಿ. “ಯಾರರ ಹೆಸರ ಕೊಡ್ರಿ. ಹೆಸರ ಅಷ್ಟ ಸಾಕು, ರೊಕ್ಕಾ ನಂದ, ಪೆಟ್ರೋಲೂ ನಂದ.”

“ನಂದ ಬ್ಯಾಡವಾ,” ಎಂದಳು ಯಮುನವ್ವ. “ನಾ ವಿಧವಾ ಪೆನ್ಷನ್ ತಗೊಳ್ಳಾಕಿ. ಕಾಗದದಾಗ ನನಗ ಒಂದ ಹೊತ್ತಿನ ಊಟಕ್ಕೂ ಗತಿ ಇಲ್ಲ.” ಹಾಗೆನ್ನುವಾಗ ಅವಳ ಬಾಯಲ್ಲಿ ಪೇಢೆ ಇತ್ತು.

ಎಲ್ಲರೂ ನಾಮದೇವನ ಕಡೆ ತಿರುಗಿದರು. ಎಂಟು ಮಗ್ಗದ ಮಾಲಕ, ಬೆರಳಲ್ಲಿ ಉಂಗುರ.

“ನನ್ನ ಯಾಕ ನೋಡತೀರಿ?” ಅವನು ಕೈಯನ್ನು ಕಿಸೆಗೆ ಇಳಿಸಿದ. “ಮಗಳ ಸ್ಕಾಲರ್‌ಶಿಪ್ಪಿಗೆ ಆದಾಯ ಕಡಿಮಿ ಅಂತ ಉತ್ಪನ್ನದ ದಾಖಲಾ ಮಾಡಿಸೇನಿ. ಕಾಗದದಾಗ ನಾ ನಿನಕಿಂತ ಬಡವ ಅದೀನಿ, ಅಕ್ಕಾತಾಯಿ. ಖರೇ ಅಂದ್ರ ನೀನ ನನಗ ಏನರ ಕೊಡಬೇಕು.”

ಒಬ್ಬರದು ಘರಕುಲದ, ಅಂದರೆ ಸರಕಾರಿ ಮನೆಯ, ಅರ್ಜಿ, ಇನ್ನೊಬ್ಬರದು ಬಡವರ ಹಳದಿ ರೇಶನ್ ಕಾರ್ಡು, ಮತ್ತೊಬ್ಬರದು ಮುದುಕನ ಪೆನ್ಷನ್. ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಟಿವಿ, ಆರು ಮೋಟರ್‌ಸೈಕಲ್, ಆದರೂ ಒಂದು ಸ್ಕೂಟರಿಗೆ ಹೆಸರು ಕೊಡುವಷ್ಟು ಅನುಕೂಲಸ್ಥ ಒಬ್ಬನೂ ಇರಲಿಲ್ಲ. ಮೋಟರ್‌ಸೈಕಲ್‌ಗಳೆಲ್ಲ ಯಾರು ಯಾರೋ ಅಳಿಯಂದಿರ ಹೆಸರಿನಲ್ಲಿದ್ದವು.

ಅಷ್ಟರಲ್ಲಿ ಹಿತ್ತಲ ಖೋಲಿಯಲ್ಲಿ ಬೇರೆ ಇರುವ ಕೃಷ್ಣಾ, ಹನ್ನೊಂದು ಗಂಟೆಗೆ, ಆಕಳಿಸುತ್ತ ಬಂದ.

“ಲೇ, ನಿಂದ ಯಾವ ಯೋಜನಾ ಐತ್ಯೋ?” ಕೇಳಿದ ನಾಮದೇವ.

“ಯಾವದೂ ಇಲ್ಲ. ಲೈನ್ಯಾಗ ನಿಂದ್ರಬೇಕಾಗತೈತಿ ಅಂತ ನಾ ಎಲ್ಲೂ ಹೋಗೇ ಇಲ್ಲ.”

“ದಾಖಲಾ? ಅರ್ಜಿ? ಏನೂ?”

“ಆಧಾರ್ ಒಂದೈತಿ. ಅದೂ ಅವರಾಗೇ ಓಣಿಗೆ ಬಂದಾಗ ತಗದಿದ್ದು.”

ಮೂವತ್ತೆಂಟರ ವಯಸ್ಸು, ಕೆಲಸವಿಲ್ಲ, ಲಗ್ನವಿಲ್ಲ, ಅಂಗಿಗೆ ಗುಂಡಿ ಎರಡೇ. ಸರಕಾರದ ಕಣ್ಣಿನಲ್ಲಿ ಮಾತ್ರ ಇಡೀ ಓಣಿಗೆ ಇವನೊಬ್ಬನೇ ಬಡವನಲ್ಲದವನು!

“ಅಂದ್ರ ನಮ್ಮೊಳಗ ಸಾವಕಾರ ಇಂವ ಒಬ್ಬನ ಅದಾನ,” ಎಂದಳು ಯಮುನವ್ವ, ಮತ್ತು ಅವನಿಗೆ ಕುರ್ಚಿ ಬಿಟ್ಟುಕೊಟ್ಟಳು.

ಜಯಸಿಂಗಪುರದಲ್ಲಿ ಹಳೆಯ ಸ್ಕೂಟರ್ ಸಿಕ್ಕಿತು, ಕೊಲ್ಲಾಪುರದ ಉದ್ಯಮನಗರದಲ್ಲಿ ಅದಕ್ಕೆ ಎರಡು ಗಾಲಿ ಕೂತವು, ಕಾಗದದಲ್ಲಿ ಕೃಷ್ಣಾನ ಹೆಸರು ಕೂತಿತು. ಅಕ್ಕಾತಾಯಿ ಎಂಟು ದಿನದಲ್ಲಿ ಓಡಿಸಲು ಕಲಿತಳು. ಹಿಂದಿನ ಸೀಟಿಗೆ ಗಂಟು ಕಟ್ಟಿಕೊಂಡು ಪೇಟೆಗೆ ಹೋದಳು, ಮಾರಿದಳು, ಹಾಡು ಗುನುಗುತ್ತ ಬಂದಳು. ಬಂದು ಇಳಿದರೆ ಬಾಗಿಲಲ್ಲಿ ಕೃಷ್ಣಾ ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಿದ್ದ.

“ಅಕ್ಕಾ, ನನ್ನ ಗಾಡಿ ಸ್ವಲ್ಪ ಸಾವಕಾಶ ಹೊಡಕೋಂತ ಹೋಗು.”

“ನಿನ್ನ ಗಾಡಿ?”

“ಕಾಗದಾ ನೋಡು ಬೇಕಾದ್ರ.”

ಎರಡನೇ ವಾರ ಅವನು ಮುಂದಿನ ಪ್ಲೇಟಿನ ಮೇಲೆ ದೊಡ್ಡದಾಗಿ ‘ಕೃಷ್ಣಾ ಸರಕಾರ’ ಎಂದು, ದೊಡ್ಡ ಧಣಿಯ ಹಾಗೆ, ಬರೆಸಿದ. ಪೇಟೆಯ ವ್ಯಾಪಾರಿಗಳು ಅಕ್ಕಾತಾಯಿಯನ್ನು “ಕಾಯ್ ಸರಕಾರ, ಕಸಂ ಕಾಯ್?”, ಏನು ಧಣಿ, ಹೇಗಿದ್ದೀರಿ ಎಂದು, ಮರಾಠಿಯಲ್ಲಿ ಮಾತಾಡಿಸತೊಡಗಿದರು. ಅವಳು ಹಲ್ಲು ಕಚ್ಚಿದಳು. ಮನೆಯ ಬಾಡಿಗೆ ಹೋಗುತ್ತಿದ್ದದ್ದೇ ಪೆನ್ಷನ್ನಿನಿಂದ. ಅದನ್ನು ಬಿಡುವ ಹಾಗಿರಲಿಲ್ಲ.

ಗಾಡಿಯ ಮಾಲಕನೆಂಬ ಸುದ್ದಿ ಗಡಹಿಂಗ್ಲಜದವರೆಗೂ ಹೋಯಿತು. ಅಲ್ಲಿಂದ ಒಂದು ಸಂಬಂಧ ಬಂತು. ಹುಡುಗಿಯ ತಾಯಿ ಬಾಳವ್ವ ಮತ್ತು ಸೋದರಮಾವ ಸಿದ್ದಾರೂಢ, ಹುಡುಗನ ಮನೆ ನೋಡಲು ರವಿವಾರ ಬಂದಿಳಿದರು. ಅಕ್ಕಾತಾಯಿ ಅವಲಕ್ಕಿ ಮಾಡಿದಳು. ಯಮುನವ್ವ, ನಾಮದೇವ ಮನೆಯವರಂತೆ ಕೂತರು.

ಸಿದ್ದಾರೂಢ ಒಳಗೆ ಬರುವ ಮೊದಲು ಬಾಗಿಲಲ್ಲಿದ್ದ ಸ್ಕೂಟರನ್ನು ಒಂದು ಸುತ್ತು ಹಾಕಿ ನೋಡಿದ. ತಂಗಿಯ ಕಿವಿಯಲ್ಲಿ ಏನೋ ಅಂದ. ಅವಳ ಮುಖ ಸಣ್ಣಗಾಯಿತು.

“ಹುಡುಗಾ ಚಲೋ ಕಾಣತಾನ,” ಎಂದಳು ಬಾಳವ್ವ ತಟ್ಟೆ ಮುಟ್ಟದೆ. “ಒಂದ ಮಾತು. ಸ್ವಲ್ಪ ನಡದು ತೋರಸ್ತಾರೇನ್ರಿ?”

“ಯಾರು?” ಎಂದ ಕೃಷ್ಣಾ.

“ನೀವ. ಆ ಬಾಗಲದ ತನಕ ಹೋಗಿ ಬರ್ರಿ. ಪ್ಯಾಂಟ್ ಸ್ವಲ್ಪ ಮ್ಯಾಲ ಮಾಡ್ರಿ.”

ಕನ್ಯೆ ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುವುದು, ಸೀರೆಯಂಚು ಎತ್ತಿಸಿ ಪಾದ ನೋಡುವುದು ಆ ಕಡೆ ಹಳೆಯ ರೂಢಿ. ಅಕ್ಕಾತಾಯಿಯನ್ನೂ ಇಪ್ಪತ್ತರ ವಯಸ್ಸಿನಲ್ಲಿ ಇಬ್ಬರು ಹಾಗೆ ನಡೆಸಿ, ಚಹಾ ಕುಡಿದು, ಪತ್ತೆಯಿಲ್ಲದೆ ಹೋಗಿದ್ದರು. ಗಂಡು ಪ್ಯಾಂಟು ಎತ್ತಿ ನಡೆದದ್ದನ್ನು ಮಾತ್ರ ಅವಳು ಕಂಡಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕೃಷ್ಣಾ ನಡೆದ. ರೋಮಭರಿತ ಎರಡು ಕಾಲುಗಳೂ ನೆಟ್ಟಗೆ ಹೋಗಿ ನೆಟ್ಟಗೆ ಬಂದವು.

“ಕಾಲು ಬರೋಬರಿ ಅದಾವು,” ಎಂದ ಸಿದ್ದಾರೂಢ, ಹುಬ್ಬು ಗಂಟಿಕ್ಕಿ. “ಹಂಗಾರ ಗಾಡಿಗೆ ನಾಕ ಗಾಲಿ ಯಾಕ? ಯಾರದದು? ನಾ ತಲಾಠಿ ಅದೀನಿ, ನನಗ ಇಂಥಾವು ಲಗೂನ ಕಣ್ಣಿಗೆ ಬೀಳತಾವು.”

ತಲಾಠಿ! ನಾಮದೇವ ಉಂಗುರದ ಕೈ ಕಿಸೆಗೆ ಹಾಕಿದ. ಯಮುನವ್ವ ತನ್ನ ತಟ್ಟೆಯನ್ನು ದೂರ ಸರಿಸಿ ಹಸಿದವಳಂತೆ ಕೂತಳು. ಫ್ರಿಜ್ಜು ಅದೇ ಹೊತ್ತಿಗೆ ಗುರ್ ಎನ್ನಬೇಕೆ? ಎಲ್ಲರೂ ಅದಕ್ಕೆ ಕೈ ಮುಗಿದರು.

ಕೃಷ್ಣಾ ಅಕ್ಕನ ಮುಖ ನೋಡಿದ. ಸೋಮಾರಿಯಾದರೂ ಕೆಟ್ಟವನಲ್ಲ. ತಕ್ಷಣ ಕುಂಟತೊಡಗಿದ.

“ನಂದ್ರಿ ಗಾಡಿ! ಒಮ್ಮೊಮ್ಮೆ ಹಿಡೀತೈತ್ರಿ ಕಾಲು. ಹವಾ ಬದಲಾದ್ರ!” ಎನ್ನುತ್ತ ಬಾಗಿಲತನಕ ಎಡಗಾಲು ಎಳೆದ, ಬರುವಾಗ ಬಲಗಾಲು ಎಳೆದ.

“ಹೋಗೂವಾಗ ಎಡಗಾಲಾಗಿತ್ತಲ್ಲ?” ಎಂದಳು ಬಾಳವ್ವ.

“ಪಾಳೀ ಪ್ರಕಾರ ಹಿಡೀತಾವ್ರಿ,” ಎಂದ ನಾಮದೇವ ಸಹಾಯಕ್ಕೆ.

ಅಕ್ಕಾತಾಯಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು ಬಂತು. ನಲವತ್ನಾಲ್ಕು ವರ್ಷ ಬಿಟ್ಟೂ ಬಿಡದೆ ಎಳೆದ ಕಾಲು ಅವಳದು. ಇವನು ಎರಡು ನಿಮಿಷ ಸರಿಯಾಗಿ ಎಳೆಯಲಾರ. ಅಂಥವನ ಹೆಸರಿನಲ್ಲಿ ತನ್ನ ಗಾಡಿ!

“ಸಾಕ ಮಾಡೋ ಮಂಗ್ಯಾ!” ಎಂದು ಕೂಗಿದಳು. “ಹಂಗ ಕುಂಟಂಗಿಲ್ಲ ಯಾರೂ. ಗಾಡಿ ನಂದ್ರಿ, ಪಾವಣ್ಯಾರ. ರೊಕ್ಕಾ ನಂದು, ಕಾಲು ನಂದು, ಹೊಡ್ಯಾಕಿ ನಾನು. ಹೆಸರ ಅಷ್ಟ ಇಂವಂದು.”

“ಅಯ್ಯ, ಹುಚ್ಚಿ!” ಯಮುನವ್ವ ತಲೆ ಹಿಡಿದುಕೊಂಡಳು.

“ತೆವಳಕೋಂತ ಹ್ವಾದ್ರ ನಾ ಬಡವಿ, ಕುಂತ ಹ್ವಾದ್ರ ಸಾವಕಾರ್ತಿ. ಇದೆಂಥಾ ಲೆಕ್ಕಾರಿ ನಿಮ್ದು? ಬರಕೋರಿ. ಪೂರಾ ಹೆಸರ ಬರಕೋರಿ, ಅಕ್ಕಾತಾಯಿ ಅಲ್ಲಪ್ಪ ಕಬ್ಬೂರ. ಹಳೇ ಸೀರಿ ಕೆಳಗ ಫ್ರಿಜ್ಜೂ ಐತಿ, ಅದನ್ನೂ ಬರಕೋರಿ.”

ಸಿದ್ದಾರೂಢ ಗಲಿಬಿಲಿಗೊಂಡು ಅವಲಕ್ಕಿ ನುಂಗಿದ. “ನಾ ಹ್ಯಾಂಗ ಬರಕೊಳ್ಳಲಿ ಅಕ್ಕಾರ? ನಾ ಗಡಹಿಂಗ್ಲಜ ತಾಲೂಕಿನಾಂವ. ನಿಮ್ಮ ತಾಲೂಕ ಬ್ಯಾರೆ. ನಿಮಗ ನನಗ ಏನೂ ಸಂಬಂಧ ಇಲ್ಲ.”

“ಅಂದ್ರ ನಾ ಸುಮ್ಮನ ಕುಂಟಿದ್ನ್ಯಾ?” ಎಂದ ಕೃಷ್ಣಾ.

“ಪೆನ್ಷನ್ ಹೋಗತೈತೇನ್ರಿ?” ಅಕ್ಕಾತಾಯಿ ಅವನನ್ನು ಲೆಕ್ಕಿಸದೆ ಕೇಳಿದಳು.

“ಹೋದ್ರ ಹೋಗಬಹುದು, ಉಳದ್ರ ಉಳೀಬಹುದು. ಆದಾಯ ನೋಡಬೇಕು ಅಂತ ಐತಿ. ಗಾಡಿ ನೋಡಿ ಆದಾಯ ಐತಿ ಅಂದ್ಕೊಳ್ಳಾವ್ರೂ ಅದಾರ. ಗಪ್ಪ ಇದ್ರ ನಿಮ್ಮ ತಾಲೂಕಿನಾಗ ಯಾರಿಗೂ ಗೊತ್ತಾಗಂಗಿಲ್ಲ. ಇನ್ನೂ ಏನೂ ಕೆಟ್ಟಿಲ್ಲ ನೋಡ್ರಿ.”

ಓಣಿಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಬಾಳವ್ವನೊಬ್ಬಳೇ ತನ್ನ ಲೆಕ್ಕ ಬಿಟ್ಟಿರಲಿಲ್ಲ.

“ಗಾಡಿ ಅಕ್ಕಂದಂದ್ರ, ಹುಡುಗಂದ ಏನೈತ್ರಿ?”

ಎಲ್ಲರೂ ಕೃಷ್ಣಾನನ್ನು ತಲೆಯಿಂದ ಕಾಲಿನತನಕ ನೋಡಿದರು.

“ಎರಡು ಕಾಲು ಬರೋಬರಿ ಅದಾವಲ್ರಿ,” ಎಂದ ನಾಮದೇವ.

ಬಂದ ಪಾವಣ್ಯರು ಸಂಬಂಧದ ಮಾತೆತ್ತದೆ ಚಹಾ ಕುಡಿದು ಎದ್ದರು. ಕೃಷ್ಣಾ ಪ್ಯಾಂಟು ಇಳಿಸಿಕೊಂಡು ಮೂಲೆಯಲ್ಲಿ ಕೂತ. ಯಮುನವ್ವ ಅಕ್ಕಾತಾಯಿಯ ಪಕ್ಕಕ್ಕೆ ಸರಿದು, “ಉಳಕೊಂಡಿ ನೀ. ಯಾರಿಗೂ ಗೊತ್ತಾಗಲಿಲ್ಲ. ಹೆಸರ ಹಂಗ ಇರಲಿ ಬಿಡು,” ಎಂದಳು.

“ಇಲ್ಲಬೇ. ಒಮ್ಮೆ ನಂದು ಅಂದೆ, ಬಾಯಿಗಿ ಭಾಳ ರುಚಿ ಹತ್ತೇತಿ.”

ಸೋಮವಾರ ಬೆಳಿಗ್ಗೆ ಅವಳು ಆರ್‌ಟಿಓ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ, ಹಿಂದಿನಿಂದ ಕೃಷ್ಣಾನನ್ನು ಇಳಿಸಿದಳು. ಸಾಲು ಗೇಟಿನತನಕ ಇತ್ತು.

“ಇಷ್ಟೊತ್ತು ನಿಂದ್ರಬೇಕ?” ಎಂದ ಅವನು ಗಾಬರಿಯಿಂದ.

“ಎರಡೂ ಕಾಲು ಅದಾವಲ್ಲ, ನಿಂದ್ರು,” ಎಂದು ಅಕ್ಕಾತಾಯಿ ಸೀಟಿನ ಮೇಲೆ ಆರಾಮಾಗಿ ಕೂತೇ ಗಾಡಿಯ ಹೆಸರು ಬದಲಿಸುವ ಅರ್ಜಿ ಬಿಡಿಸಿ, ಮಾಲಕರ ಹೆಸರಿನ ಖಾನೆಯಲ್ಲಿ ತನ್ನ ಪೂರಾ ಹೆಸರು ಬರೆಯತೊಡಗಿದಳು.