ಮೇಷ್ಟ್ರ ಮನೆಯ ಕೊಳಲು

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಗಾಜಿಗೆ ಸಾಣೆ ಹಿಡಿಯುತ್ತಿದ್ದ ಆ ಹೆಂಗಸನ್ನು ಎಲ್ಲರೂ ಗಾಜಕ್ಕ ಅಂತಲೇ ಕರೆಯುತ್ತಿದ್ದರು. ಕೌಂಟರಿನ ಹುಡುಗಿಯರು ಇಟ್ಟ ಹೆಸರು ಅದು. ಅವಳ ಸ್ವಂತ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ದಿನ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಒಂದು ಭಾನುವಾರ ಸಂಜೆ ಮಗಳು ಫೋನ್ ಮಾಡಿದಳು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು, ಸೊಂಟದ ಮೇಲೊಂದು ಮಗು. ಮಾತಿಗೆ ಮಾತು ಬಂದು ಕೇಳಿದಳು, "ಅಮ್ಮಾ, ಕೆಲಸದಿಂದ ಬಂದಮೇಲೆ ಸಂಜೆಯೆಲ್ಲ ಏನ್ಮಾಡ್ತೀಯ?"

ಏನು ಮಾಡುತ್ತಿದ್ದಳು? ಬೀಗ ತೆಗೆದು ಒಳಗೆ ಬಂದು ಅಡಿಗೆಮನೆಯ ದೀಪ ಹಾಕುತ್ತಿದ್ದಳು. ಪಾತ್ರೆ ತೊಳೆಯುವ ಕಟ್ಟೆಗೆ ಒರಗಿ ನಿಂತುಕೊಂಡೇ ಊಟ ಮುಗಿಸುತ್ತಿದ್ದಳು. ಆಮೇಲೆ ಮಂಚದ ಒಂದು ತುದಿಯಲ್ಲಿ ಕೂತು, ನಿದ್ದೆ ಬರಲಿ ಅಂತ ಕಾಯುತ್ತಿದ್ದಳು. ಇದನ್ನೆಲ್ಲ ಹೇಳಿದರೆ ಮಗಳು ಅಲ್ಲಿ ಕೂತು ಕಣ್ಣೀರು ಹಾಕುತ್ತಾಳೆ. ಅದಕ್ಕೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಕೊಳಲು ನುಡಿಸ್ತೀನಲ್ಲ."

"ಹೌದಾ! ನಂಗೆ ಹೇಳಲೇ ಇಲ್ಲ! ಎಲ್ಲಿ, ಒಂಚೂರು ಕೇಳಿಸು."

"ರಿಪೇರಿಗೆ ಕೊಟ್ಟಿದ್ದೀನಿ ಕಣೆ. ಬಂದಮೇಲೆ ಕೇಳಿಸ್ತೀನಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಗಾಜಕ್ಕನಿಗೆ ಸಿಕ್ಕಿದ್ದು ಮುಂದಿನ ಭಾನುವಾರದವರೆಗಿನ ಆಯಸ್ಸು.

ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಮದುವೆಗೆ ಮುಂಚೆ ಅವಳು ಊರಿನ ಬ್ಯಾಂಡಿನಲ್ಲಿ ಕೊಳಲು ನುಡಿಸುತ್ತಿದ್ದಳು. ಬಿದಿರಿನದಲ್ಲ, ಲೋಹದ್ದು. ಮೈತುಂಬ ಬೆರಳಿಂದ ಒತ್ತುವ ಕೀಲಿಗಳಿರುವ, ಮೂರು ತುಂಡು ಜೋಡಿಸಿ ಅಡ್ಡ ಹಿಡಿಯುವ ಕೊಳಲು. ಕೈಹಿಡಿದವನು ರೈಲು ಓಡಿಸುವವನು. ರಾತ್ರಿಯೆಲ್ಲ ದುಡಿಮೆ, ಹಗಲೆಲ್ಲ ನಿದ್ದೆ. ಇದ್ದದ್ದೇ ಎರಡು ಕೋಣೆ. ನುಡಿಸಬೇಡ ಅಂತ ಅವನು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಪಾತ್ರೆಯನ್ನು ಸದ್ದಿಲ್ಲದೆ ಇಡುವುದನ್ನು, ಬಾಗಿಲನ್ನು ಒಂದಿಷ್ಟು ಮೇಲಕ್ಕೆತ್ತಿ ಕಿರುಗುಟ್ಟದಂತೆ ಮುಚ್ಚುವುದನ್ನು ಅವಳು ತಾನಾಗಿಯೇ ಕಲಿತಳು. ಮಗಳೂ ಅಷ್ಟೆ, ಪಿಸುದನಿಯಲ್ಲಿ ಅಳುವುದನ್ನು ಕಲಿತಳು. ಅಟ್ಟ ಸೇರಿದ ಕೊಳಲು ಆಮೇಲೆ ನಾದಿನಿಯ ಮಗನ ಶಾಲೆಗೆ ಹೋಯಿತು. ಹೋದದ್ದು ವಾಪಸು ಬರಲಿಲ್ಲ, ಇವಳೂ ಕೇಳಲಿಲ್ಲ.

ಹೋದ ವರ್ಷ ಗಂಡ ಡ್ಯೂಟಿ ಮುಗಿಸಿ, ಚಾಲಕರ ವಿಶ್ರಾಂತಿ ಕೋಣೆಯಲ್ಲಿ ಬೂಟು ಬಿಚ್ಚುತ್ತಾ ಕೂತವನು ಹಾಗೇ ಒರಗಿಬಿಟ್ಟ. ಅವನು ಹೋದಮೇಲೂ ಗಾಜಕ್ಕ ಪಾತ್ರೆ ಇಡುವುದು ಮೆತ್ತಗೇ.

ಮಗಳ ಫೋನ್ ಬಂದ ಮರುದಿನ ಅಂಗಡಿಯಿಂದ ನೆಟ್ಟಗೆ ವಾದ್ಯ ರಿಪೇರಿ ಮಾಡುವವನ ಹತ್ತಿರ ಹೋದಳು. ಬೆರಳ ತುಂಬ ಎಣ್ಣೆ ಕಪ್ಪು, ಮಾತು ಮಾತಿಗೂ ನಗುವ ಮನುಷ್ಯ. ಹಳೇ ಕೊಳಲು ಎರಡಿವೆ ಅಂತ ತೆಗೆದಿಟ್ಟ. ಒಂದು ಕನ್ನಡಿಯ ಹಾಗೆ ಥಳಥಳಿಸುತ್ತಿತ್ತು. ಇನ್ನೊಂದು ಮಾಸಲು, ಹಿಂದಿನವರ ಹೆಬ್ಬೆರಳು ಸವೆಸಿ ಸವೆಸಿ ಒಂದು ಕಡೆ ಲೇಪವೇ ಹೋಗಿತ್ತು.

"ಇದನ್ನೇ ತಗೊಳಿ ಅಕ್ಕಾ, ಮದುಮಗಳ ಹಾಗಿದೆ," ಅಂತ ಹೊಳೆಯುವುದನ್ನು ಮುಂದೆ ತಳ್ಳಿದ.

"ಬೆಳ್ಳಗಿರೋದೆಲ್ಲ ಹಾಲಲ್ಲಪ್ಪಾ. ಸಣ್ಣ ಬ್ಯಾಟರಿ ಇದ್ದರೆ ಕೊಡು, ದೀಪ ಆರಿಸು."

ಬ್ಯಾಂಡಿನ ಯಜಮಾನರು ಹೇಳಿಕೊಟ್ಟಿದ್ದ ಉಪಾಯ. ಕೊಳವೆಯೊಳಗೆ ಬೆಳಕು ಬಿಟ್ಟು ಕೀಲಿಗಳನ್ನು ಒತ್ತಿ ಹಿಡಿದರೆ, ಎಲ್ಲಿಂದ ಬೆಳಕು ಸೋರುತ್ತದೋ ಅಲ್ಲಿಂದ ಉಸಿರೂ ಸೋರುತ್ತದೆ. ಮದುಮಗಳು ಮೂರು ಕಡೆ ಸೋರುತ್ತಿದ್ದಳು. ಮಾಸಲಿನದು ಎಲ್ಲೂ ಸೋರಲಿಲ್ಲ. "ನಿಮ್ಮ ಕಣ್ಣಿಗಿಷ್ಟು ಮಣ್ಣು ಹಾಕ!" ಅಂತ ರಿಪೇರಿಯವನು ನಕ್ಕು ದೀಪ ಹಾಕಿದ.

ಆದರೆ ತುಟಿಗಿಟ್ಟು ಊದಿದರೆ ಬರೀ ಗಾಳಿ. ಮತ್ತೆ ಊದಿದಳು. ಬಿಸಿ ಕಾಫಿ ಆರಿಸುವ ಸದ್ದು. ತಲೆ ಸುತ್ತಿ ಸ್ಟೂಲಿನ ಮೇಲೆ ಕೂತಳು. ಕಡೆಗೂ ಒಂದು ಸ್ವರ ಬಂತು, ಅದೂ ನೆಗಡಿಯಾದವರ ಮೂಗಿನಿಂದ ಬಂದ ಹಾಗೆ.

"ಇದರ ದನಿಯೇ ಸಣ್ಣದೇನೋ," ಅಂದಳು. ಅಂದಮೇಲೆ ತನಗೇ ನಾಚಿಕೆಯಾಯಿತು. "ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತು, ಅಲ್ವಾ?"

"ಅಭ್ಯಾಸ ಬಿಟ್ಟ ಬಾಯಿ ಅಕ್ಕಾ, ಕೂಡಿ ಬರೋಕೆ ದಿನ ಬೇಕು. ಇನ್ನೂ ಒಳ್ಳೇದು ಬೇಕೂಂದ್ರೆ ಒಬ್ಬರು ಮೇಷ್ಟ್ರಿದ್ದಾರೆ. ಹೆಂಡತಿ ತೀರಿಕೊಂಡರು, ಆಕೆಯ ಕೊಳಲು ಇದೆ. ಮಾರ್ತೀನಿ ಮಾರ್ತೀನಿ ಅಂತಾರೆ. ಎಷ್ಟೋ ಜನ ಹೋಗಿ ಬಂದರು, ಯಾರಿಗೂ ಕೊಟ್ಟಿದ್ದು ನಾ ಕಾಣೆ. ಹೋಗಿ ನೋಡಿ."

ಮಾರನೇ ಸಂಜೆ ಹೋದಳು. ರಿಪೇರಿಯವನು ಮೊದಲೇ ತಿಳಿಸಿದ್ದನೇನೋ, ಬಾಗಿಲು ತಟ್ಟಲು ಕೈ ಎತ್ತುವ ಮೊದಲೇ ಮೇಷ್ಟ್ರು ತೆಗೆದರು. ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಇಸ್ತ್ರಿ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಮೇಜಿನ ಮೇಲೆ ಫ್ಲಾಸ್ಕಿನಲ್ಲಿ ಚಹಾ ಸಿದ್ಧವಾಗಿತ್ತು. ಕೊಳಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಒಳಗಿನ ಕೋಣೆಗೆ ಹೋಗಿ ನುಡಿಸಿ ತಾಯಿ. ಬಾಗಿಲು ಹಾಕ್ಕೊಳ್ಳಿ."

ಸಂಕೋಚದ ಮನುಷ್ಯ ಅಂದುಕೊಂಡಳು. ಒಳಗೆ ಒಂದು ಕಿಟಕಿ, ಒಂದು ಬೆತ್ತದ ಕುರ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ, ಸ್ವರದ ಪುಸ್ತಕ ಇಡುವ ಸ್ಟ್ಯಾಂಡು. ಕೊಳಲು ಜೋಡಿಸಿ ಊದಿದಳು. ಮೊದಲು ಗಾಳಿ, ಆಮೇಲೆ ಒಂದು ಕೆಳಗಿನ ಸ್ವರ. ಅಬ್ಬಾ! ಕೊಳವೆಯ ಆ ತುದಿಯವರೆಗೂ ತುಂಬಿಕೊಂಡು ಹೋಯಿತು, ಕೊಡಕ್ಕೆ ನೀರು ತುಂಬಿದ ಹಾಗೆ. ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಒಂದು ಮೆರವಣಿಗೆಯ ಹಾಡು ಬೆರಳಿಗೆ ನೆನಪಿತ್ತು. ಶುರು ಮಾಡಿದಳು. ಮಧ್ಯದಲ್ಲಿ ಒಂದು ಏರು ಬರುತ್ತದೆ, ಅಲ್ಲಿ ಎಡವಿದಳು. ಮೊದಲಿಂದ ಹಿಡಿದಳು, ಮತ್ತೆ ಅಲ್ಲೇ ಎಡವಿದಳು.

ಹೊರಗೆ ಬಂದಾಗ ಮೇಷ್ಟ್ರು ಮುಚ್ಚಿದ ಬಾಗಿಲಿಗೆ ಬೆನ್ನು ಹಾಕಿ, ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಕ್ಷಮಿಸಿ ಮೇಷ್ಟ್ರೇ, ಬಿಟ್ಟು ಬಹಳ ವರ್ಷ ಆಯ್ತು. ನಿಮ್ಮ ಕಿವಿಗೆ ಹಿಂಸೆ ಕೊಟ್ಟೆ."

"ಇಲ್ಲ, ಇಲ್ಲ. ಬರೋರೆಲ್ಲ ಏನು ಗೊತ್ತಾ, ಭಾರಿ ಚೆನ್ನಾಗಿ ನುಡಿಸಿಬಿಡ್ತಾರೆ. ಇಲ್ಲಿ ಕೂತರೆ ಯಾರದೋ ಮನೇಲಿ ಕೂತ ಹಾಗಾಗುತ್ತೆ." ಪತ್ರಿಕೆ ಮಡಚಿದರು. "ಅವಳು ಕಲಿತಿದ್ದು ತಡವಾಗಿ. ಹೀಗೇ ಎಡವೋಳು, ಮತ್ತೆ ಮೊದಲಿಂದ ಹಿಡಿಯೋಳು. ನಾನು ಇಲ್ಲಿಂದಲೇ ರೇಗ್ತಿದ್ದೆ, ಮುಂದಕ್ಕಾದ್ರೂ ಹೋಗೇ ತಾಯಿ ಅಂತ."

"ಕೊಡ್ತೀರಾ ಕೊಳಲು?"

"ಕೊಡೋದು... ನೋಡೋಣ. ಒಂದೇ ಸಲಕ್ಕೆ ಗೊತ್ತಾಗಲ್ಲ. ಮತ್ತೆ ಬನ್ನಿ, ಇನ್ನೊಂದ್ಸಲ ನುಡಿಸಿ ನೋಡಿ. ಚಹಾ ತಗೊಳಿ."

ಮತ್ತೆ ಹೋದಳು. ಅದಾದಮೇಲೂ ಹೋದಳು. ಕೊಳಲಿನ ಮೇಲಿನ ಆಸೆಯೂ ಹೌದು. ಆದರೆ ಸಂಜೆ ಒಂದು ಮನೆಯಲ್ಲಿ ತನಗಾಗಿ ಫ್ಲಾಸ್ಕು ತುಂಬಿಸಿಟ್ಟು ಒಬ್ಬರು ಕಾಯುತ್ತಾರೆ ಅನ್ನುವುದು ಕೆಲಸದ ನಡುವೆ ನೆನಪಾಗಿ, ಸಾಣೆ ಚಕ್ರದ ಮುಂದೆ ಸುಮ್ಮನೆ ನಗು ಬರುತ್ತಿತ್ತು. ಕೌಂಟರಿನ ಹುಡುಗಿಯರು ಕಣ್ಣು ಮಿಟುಕಿಸಿದರು. ಮಗಳು ಪ್ರತಿ ಭಾನುವಾರವೂ ಕೇಳಿದಳು, "ಏನಮ್ಮಾ, ಕೊಳಲು ರಿಪೇರಿನೋ ಅಥವಾ ಅಪ್ಪನ ರೈಲಿನ ಎಂಜಿನ್ ರಿಪೇರಿನೋ?"

ತುಟಿ ಕೂಡಿಬಂತು. ಉಸಿರು ಹಿಡಿತಕ್ಕೆ ಬಂತು. ಒಂದು ಸಂಜೆ ಆ ಏರಿನ ಜಾಗ ಬಂದಾಗ ಬೆರಳುಗಳು ತಾವಾಗಿಯೇ ದಾಟಿಕೊಂಡು ಹೋದವು. ಹಾಡು ಕೊನೆಯವರೆಗೂ ಹೋಗಿ ನಿಂತಿತು. ಗಾಜಕ್ಕನಿಗೆ ಬ್ಯಾಂಡು ಬಿಟ್ಟಮೇಲೆ ಇಷ್ಟು ಖುಷಿಯಾದದ್ದು ಯಾವಾಗಲೋ ನೆನಪಿಲ್ಲ. ಕೊಳಲು ಕೈಯಲ್ಲಿ ಹಿಡಿದೇ ಬಾಗಿಲು ತೆಗೆದಳು.

"ಕೇಳಿದ್ರಾ ಮೇಷ್ಟ್ರೇ?"

ಮೇಷ್ಟ್ರ ಮುಖ ಇಳಿದುಹೋಗಿತ್ತು. "ಇವತ್ತು ನೀವು ಎಲ್ಲೂ ನಿಲ್ಲಲೇ ಇಲ್ಲ," ಅಂದರು.

ಆಮೇಲೆ ಅಂಗಿಯ ಗುಂಡಿ ತಿರುಗಿಸುತ್ತಾ, ಬೇಡುವ ದನಿಯಲ್ಲಿ ಅಂದರು, "ಇನ್ನೊಂದ್ಸಲ... ಮೊದಲಿನ ಹಾಗೆ ನುಡಿಸ್ತೀರಾ?"

"ಬಾಗಿಲು ತೆಗೆದಿಟ್ಟು ನುಡಿಸಲಾ?"

"ಬೇಡಮ್ಮಾ," ಅಂದರು ಮೇಷ್ಟ್ರು. "ಬಾಗಿಲು ತೆಗೆದರೆ ನೀವು ಕಾಣಿಸ್ತೀರಿ."

ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ ಅಂತ ಅವಳಿಗೂ ಗೊತ್ತಿತ್ತು. ಸಿಟ್ಟು ಬರಲಿಲ್ಲ. ಬೆತ್ತದ ಕುರ್ಚಿಯ ಪಕ್ಕ ನಿಂತು ಕೊಳಲಿನ ಒಳಗನ್ನು ಬಟ್ಟೆಯಿಂದ ಒರೆಸಿದಳು, ಮೂರೂ ತುಂಡನ್ನು ಪೆಟ್ಟಿಗೆಯಲ್ಲಿ ಮಲಗಿಸಿದಳು. ಇಷ್ಟು ವರ್ಷ ಒಂದು ಮುಚ್ಚಿದ ಬಾಗಿಲ ಈಚೆ ಸದ್ದು ಮಾಡದೆ ಬದುಕಿದ್ದಾಯಿತು. ಈಗ ಇನ್ನೊಂದು ಮುಚ್ಚಿದ ಬಾಗಿಲ ಹಿಂದೆ ಬೇರೊಬ್ಬಳ ಸದ್ದು ಮಾಡಿಕೊಂಡಿರುವುದು ತನ್ನ ಕೈಲಾಗದು ಅನ್ನಿಸಿತು. ಮೇಷ್ಟ್ರ ಮೇಲೆ ಕನಿಕರವೇನೋ ಬಂತು. ಆದರೆ ಅವರಿಗೆ ಬೇಕಾದವಳು ತಾನಲ್ಲವಲ್ಲ.

"ಇದನ್ನ ಮಾರಬೇಡಿ ಮೇಷ್ಟ್ರೇ," ಅಂದಳು. "ನಿಮ್ಮ ಹತ್ತಿರಾನೇ ಇರಲಿ."

"ಮತ್ತೆ ಬರಲ್ವಾ?"

"ಬರ್ತೀನಿ, ಚಹಾ ಕುಡಿಯೋಕೆ," ಅಂದಳು. ಇಬ್ಬರಿಗೂ ಗೊತ್ತಿತ್ತು, ಅದು ಹೊರಡುವಾಗ ಆಡುವ ಮಾತು. ಮೇಷ್ಟ್ರು ಮೆಟ್ಟಿಲ ತನಕ ಬಂದು, ದೀಪ ಹಾಕಿ, ಅವಳು ಕೆಳಗಿಳಿಯುವವರೆಗೂ ನಿಂತಿದ್ದರು.

ರಿಪೇರಿಯವನು ಅಂಗಡಿ ಮುಚ್ಚುತ್ತಿದ್ದ. "ಕೊಡಲಿಲ್ಲ ಅಲ್ವಾ?" ಅಂದ.

"ನಾನೇ ಬಿಟ್ಟು ಬಂದೆ. ಆ ಮಾಸಲಿನದು ಇದೆಯೇನಪ್ಪಾ?"

"ಅದನ್ನ ಯಾರು ತಗೋತಾರೆ ಅಕ್ಕಾ, ನೀವು ಬಿಟ್ಟರೆ?"

ಈ ಸಲ ಊದಿದಾಗ ದನಿ ಬಂತು. ಮೇಷ್ಟ್ರ ಮನೆಯದರ ಹಾಗೆ ತುಂಬಿಕೊಳ್ಳುವ ದನಿಯಲ್ಲ, ಸ್ವಲ್ಪ ಒಣಕಲು. ಮೇಲಿನ ಸ್ವರಕ್ಕೆ ಹೋದರೆ ಕೀರಲು. ಆದರೆ ಇದನ್ನು ಯಾರೂ ಬಾಗಿಲಾಚೆ ಕೂತು ಕೇಳಿರಲಿಲ್ಲ. ಕೇಳಿದ್ದರೂ ಅವರು ಯಾರೋ ಇವಳಿಗೆ ತಿಳಿಯದು.

ಮನೆಗೆ ಬಂದು ಅಡಿಗೆಮನೆಯಲ್ಲಿ ನಿಂತು ನುಡಿಸಿದಳು. ನಾಲ್ಕು ಸ್ವರ ಆಗುತ್ತಿದ್ದ ಹಾಗೆ, ಅಭ್ಯಾಸಬಲ ನೋಡಿ, ಕೊಳಲು ತಗ್ಗಿಸಿ ಪಕ್ಕದ ಕೋಣೆಗೆ ಕಿವಿಗೊಟ್ಟಳು. ಮಂಚ ಕಿರುಗುಡಲಿಲ್ಲ. ಹೊರಳಿದ ಸದ್ದಿಲ್ಲ, ಕೆಮ್ಮಿಲ್ಲ. 'ನಿದ್ದೆ ಬರ್ತಿದೆ, ನಿಲ್ಲಿಸೇ' ಅಂತ ಗಂಡ ಇದೊಂದು ಸಲವಾದರೂ ಅಂದಿದ್ದರೆ! ಒಲೆಯ ಪಕ್ಕ ನೆಲದ ಮೇಲೆ ಕೂತು ಗಾಜಕ್ಕ ಗಟ್ಟಿಯಾಗಿ ಅತ್ತಳು. ಅವನು ತೀರಿಕೊಂಡ ದಿನವೂ ಅವಳು ಹೀಗೆ ದನಿ ತೆಗೆದು ಅತ್ತಿರಲಿಲ್ಲ. ಅತ್ತಾದಮೇಲೆ ಮುಖ ತೊಳೆದು ಬಂದು ಹಾಡನ್ನು ಅರ್ಧದವರೆಗೆ ನುಡಿಸಿದಳು. ಮೇಲಿನ ಮನೆಯವರು ಬೈಯಬಹುದು ಅಂತ ಕಾದಳು. ಅವರೂ ಬೈಯಲಿಲ್ಲ.

ಭಾನುವಾರ ಫೋನ್ ಬಂತು.

"ಬಂತಾ ಎಂಜಿನ್ನು?"

"ಬಂತು. ಒಂದು ಮಾತು ಹೇಳ್ತೀನಿ, ಬೈಬೇಡ. ರಿಪೇರಿಗೆ ಕೊಡೋಕೆ ನನ್ನ ಹತ್ತಿರ ಕೊಳಲೇ ಇರಲಿಲ್ಲ ಕಣೆ. ಈಗ ತಗೊಂಡೆ, ಹಳೇದು."

ಆ ಕಡೆ ಮಗು ಏನೋ ಬಡಿಯುವ ಸದ್ದು ಕೇಳಿಸಿತು.

"ಮತ್ತೆ ಸಂಜೆ ಹೊತ್ತು ಏನ್ಮಾಡ್ತಿದ್ದೆ ಅಮ್ಮಾ?"

"ಏನೂ ಇಲ್ಲ."

ಮಗಳು ಅಳಲಿಲ್ಲ. ಉಪದೇಶ ಮಾಡಲಿಲ್ಲ, ಬಂದು ನಮ್ಮ ಜೊತೆ ಇರು ಅಂತಲೂ ಅನ್ನಲಿಲ್ಲ; ಅವಳ ಮನೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿದ್ದ ವಿಷಯ. "ನುಡಿಸು," ಅಂದಳು. "ನಾನು ಫೋನ್ ಇಡಲ್ಲ."

ಗಾಜಕ್ಕ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ ನುಡಿಸಿದಳು. ಏರಿನ ಜಾಗದಲ್ಲಿ ಎಡವಿ, ನಿಲ್ಲದೆ ಮುಂದಕ್ಕೆ ಹೋದಳು. ಕೊನೆಯ ಸ್ವರವನ್ನು ಉಸಿರು ಮುಗಿಯುವವರೆಗೂ ಹಿಡಿದಳು. ಮುಗಿಸಿ ನೋಡಿದರೆ ಫೋನ್ ಯಾವಾಗಲೋ ಕಟ್ಟಾಗಿತ್ತು.

ಕೊಳವೆಯ ತೇವ ಒರೆಸುತ್ತಿದ್ದಾಗ ಮತ್ತೆ ಫೋನ್.

"ಅಮ್ಮಾ, ಮಗು ಕಿತ್ತುಕೊಂಡು ಒತ್ತಿಬಿಟ್ಟಿತು!"

"ಎಲ್ಲೀತನಕ ಕೇಳಿಸ್ತು?"

"ಮೊದಲು ಉಸ್ ಉಸ್ ಅಂತಲ್ಲ, ಅದು. ಆಮೇಲೆ ಒಂದೆರಡು ಸ್ವರ. ಮತ್ತೆ ನುಡಿಸ್ತೀಯಾ?"

"ಇವತ್ತು ಬಾಯಿ ಸೋತಿದೆ ಕಣೆ," ಅಂದಳು ಗಾಜಕ್ಕ. "ನಾಳೆ ಮಾಡು."

"ನಾಳೆ ನೈಟ್ ಡ್ಯೂಟಿ. ನಾಡಿದ್ದು ಮಾಡ್ತೀನಿ, ಇದೇ ಹೊತ್ತಿಗೆ."

"ಆಗಲಿ."