ಬಲಗಡೆಯ ಗಂಟು

"ಹಿಡ್ಕೋ!" ಎಂದು ಕೂಗಿ ಥೆಲ್ಮಾ ಮಹಡಿಯ ಕಿಟಕಿಯಿಂದ ಇನ್ನೊಂದು ಸರವನ್ನು ಕೆಳಕ್ಕೆ ಬಿಟ್ಟಳು. ಒಂದರೊಳಗೊಂದು ತಲೆ ತೂರಿಸಿಕೊಂಡಿದ್ದ ಒಂದು ಡಜನ್ ಹುಲ್ಲಿನ ಟೋಪಿಗಳು ಗಾಳಿಯಲ್ಲಿ ಬಳುಕಿ, ಕೆಳಗೆ ಟ್ರಕ್ಕಿನಲ್ಲಿ ತೋಳು ಚಾಚಿ ನಿಂತಿದ್ದ ವಿಲ್ಬರ್‌ನ ಮುಖಕ್ಕೆ ಬಡಿದವು.

"ಅಯ್ಯೋ, ಮೂಗು ಹೋಯ್ತು!"

"ಟೋಪಿ?"

"ಟೋಪಿಗೇನೂ ಆಗಿಲ್ಲ."

"ಹಾಗಾದ್ರೆ ಸರಿ. ಮೂಗನ್ನೇನೂ ಮಾರಬೇಕಾಗಿಲ್ಲ. ಹಿಡ್ಕೋ, ಇನ್ನೊಂದು ಬಂತು!"

ಅವಳ ಅಪ್ಪ ಒಟ್ಟೋ ಸೈಡೆಲ್ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಕೈಗಳೆರಡೂ ಜೇಬಿನಲ್ಲಿದ್ದವು. ಅವನ ಕೈಗಳು ಸಾಮಾನ್ಯವಾಗಿ ಇರುವುದೇ ಅಲ್ಲಿ.

"ಇವತ್ತು ಸೆಪ್ಟೆಂಬರ್ ಹದಿನೈದು ಅನ್ನೋದು ನೆನಪಿದೆಯಾ ನಿಮಗೆ?" ಎಂದ. "ನಾಳೆಯಿಂದ ಇಡೀ ಅಮೆರಿಕದಲ್ಲಿ ಹುಲ್ಲಿನ ಟೋಪಿ ಹಾಕೋ ಗಂಡಸು ಸಿಗಬೇಕಾದ್ರೆ ಹುಚ್ಚಾಸ್ಪತ್ರೆಗೇ ಹೋಗಬೇಕು. ಬೀದೀಲಿ ಕಂಡ್ರೆ ಕಿತ್ತು ತುಳೀತಾರೆ. ನೀವು ಇವತ್ತು ಮಾರೋಕೆ ಹೊರಟಿದ್ದೀರಿ. ಅದೂ ಈ ಊರಲ್ಲಿ."

"ಇವತ್ತೇ ಮಾರಬೇಕು ಅಪ್ಪ. ಈ ಊರಲ್ಲೇ."

"ಹುಚ್ಚಾಸ್ಪತ್ರೆ ನಮ್ಮನೇಲೇ ಇದೆ ಅಂತ ಮೊದಲೇ ಹೇಳಿದ್ರೆ ಹುಡುಕೋದು ತಪ್ತಿತ್ತು," ಎಂದು ಒಟ್ಟೋ ಒಳಗೆ ಹೋದ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕನೆಕ್ಟಿಕಟ್‌ನ ಈ ಊರು ಉಸಿರಾಡುವುದೇ ಮೊಲದ ತುಪ್ಪಟದ ಟೋಪಿಯಿಂದ. ಅದರ ದೊರೆ ಹೈರಮ್ ಪ್ರಾಟ್. ಹೊಳೆಯ ದಂಡೆಗುಂಟ ಅವನ ಕಾರ್ಖಾನೆ, ಕಾರ್ಖಾನೆಗುಂಟ ಅವನ ಕೆಲಸಗಾರರ ಮನೆಗಳು. ಇಲ್ಲಿ ಹುಲ್ಲಿನ ಟೋಪಿ ಹಾಕಿ ತಿರುಗುವುದೆಂದರೆ ಉಂಡ ಮನೆಯ ಗಳ ಎಣಿಸಿದಂತೆ. ಜುಲೈ ತಿಂಗಳ ಉರಿಬಿಸಿಲಿನಲ್ಲೂ ಜನ ತಲೆಯ ಮೇಲೆ ತುಪ್ಪಟವನ್ನೇ ಹೊತ್ತು, ಬೆವರು ಒರೆಸಿಕೊಳ್ಳುತ್ತ ಇಗರ್ಜಿಗೆ ಹೋಗುತ್ತಿದ್ದರು.

ಒಟ್ಟೋ ಕೂಡ ಒಂದು ಕಾಲದಲ್ಲಿ ಪ್ರಾಟ್‌ನ ಹಬೆ ಕೋಣೆಯಲ್ಲಿ ದುಡಿದವನೇ. ತುಪ್ಪಟಕ್ಕೆ ಪಾದರಸ ಹಾಕುತ್ತಾರೆ, ಹಬೆಗೆ ಅದು ಗಾಳಿ ಸೇರುತ್ತದೆ, ಗಾಳಿಯಿಂದ ಕೈಗಳನ್ನು ಸೇರುತ್ತದೆ. ವೈದ್ಯರು ನರದೌರ್ಬಲ್ಯ ಎಂದರು. ಊರವರು ಅದಕ್ಕೆ ಟೋಪಿ ನಡುಕ ಎನ್ನುತ್ತಿದ್ದರು. ತುಂಬಿದ ಕಾಫಿ ಬಟ್ಟಲನ್ನು ಚೆಲ್ಲದೆ ಬಾಯಿಗೆ ತರಲಾಗದ ದಿನ ಒಟ್ಟೋ ಕೆಲಸ ಬಿಟ್ಟ. ಬೀದಿಯ ಕೊನೆಯ ಹಳೇ ಕುದುರೆ ಲಾಯದಲ್ಲಿ ಹುಲ್ಲಿನ ಟೋಪಿ ಹೊಲಿಸತೊಡಗಿದ. ಹುಲ್ಲಿಗೆ ಪಾದರಸ ಬೇಡ. ಅಲ್ಲಿ ಈಗ ಒಂಬತ್ತು ಜನ ಕೆಲಸಕ್ಕಿದ್ದರು. ಹೆಚ್ಚಿನವರು ಅವನ ಹಾಗೆಯೇ ಹಬೆ ಕೋಣೆಯಿಂದ ಬಂದವರು, ಅವನ ಹಾಗೆಯೇ ಅರ್ಧ ಬಟ್ಟಲಷ್ಟೇ ಕಾಫಿ ಬಗ್ಗಿಸಿಕೊಳ್ಳುವವರು.

ನ್ಯೂಯಾರ್ಕಿನ ಸಗಟು ವ್ಯಾಪಾರಿಯೊಬ್ಬ ಬೇಸಿಗೆಯ ಮಾಲನ್ನೆಲ್ಲ ಕೊಂಡುಬಿಟ್ಟರೆ ಲಾಯದ ಚಳಿಗಾಲ ಕಳೆಯುತ್ತಿತ್ತು. ಈ ವರ್ಷ ನೂರೈವತ್ತು ಡಜನ್ ಟೋಪಿಗಳೂ ಹೋದ ದಾರಿಯಲ್ಲೇ ವಾಪಸು ಬಂದವು. ಜೊತೆಗೆ ವ್ಯಾಪಾರಿಯ ಒಂದು ಸಾಲು: 'ಇವು ಗಂಡಸರವೂ ಅಲ್ಲ, ಹೆಂಗಸರವೂ ಅಲ್ಲ.'

ಕಾರಣ ವಿಲ್ಬರ್.

ಈ ವಿಲ್ಬರ್, ಹೈರಮ್ ಪ್ರಾಟ್‌ನ ಒಬ್ಬನೇ ಮಗ. ಅಪ್ಪನ ಕಂಪನಿಯಲ್ಲಿ ಅವನು ಮೂರನೆಯ ಉಪಾಧ್ಯಕ್ಷನಾಗಿದ್ದ. ಅಂದರೆ ಕಚೇರಿಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಮೇ ತಿಂಗಳಲ್ಲಿ ಒಂದು ದಿನ ಗಡಿಯಾರ ನಿಂತಿತು. "ಹಿಮ ಸುರೀತಾ ಇದ್ರೂ ನೀನು ಒಬ್ಬ ಬೋಳುತಲೆಯವನಿಗೆ ಒಂದು ಟೋಪಿ ಮಾರಲಾರೆ," ಎಂದು ಅಪ್ಪ ಎಲ್ಲರೆದುರು ಬೈದ. ವಿಲ್ಬರ್ ಕೀಲಿಯನ್ನು ಮೇಜಿನ ಮೇಲಿಟ್ಟು, ನೆಟ್ಟಗೆ ಕುದುರೆ ಲಾಯಕ್ಕೆ ನಡೆದು ಬಂದು ಕೆಲಸ ಕೇಳಿದ. ಊರಿನಲ್ಲಿ ಬೇರೆ ಕಡೆ ಕೆಲಸ ಇರಲಿಲ್ಲವೆಂದಲ್ಲ. ಅಗ್ನಿಶಾಮಕದವರು ಏರ್ಪಡಿಸಿದ್ದ ಜೋಡಿ ಕುಣಿತದ ರಾತ್ರಿ ಅವನು ಥೆಲ್ಮಾಳ ಕಾಲನ್ನು ಲೆಕ್ಕವಿಲ್ಲದಷ್ಟು ಸಲ ತುಳಿದಿದ್ದ, ಅವಳು ಒಂದು ಸಲವೂ ಬೈದಿರಲಿಲ್ಲ.

ಒಟ್ಟೋ ಅವನಿಗೆ ಎಲ್ಲಕ್ಕಿಂತ ಹಗುರದ ಕೆಲಸ ಕೊಟ್ಟ. ಟೋಪಿಯ ಸುತ್ತ ರಿಬ್ಬನ್ ಕೂರಿಸಿ, ಎಡಗಡೆಗೆ ಗಂಟು ಹೊಲಿಯುವುದು. ವಿಲ್ಬರ್ ಟೋಪಿಯನ್ನು ಮಾತಾಡಿಸುವವನಂತೆ ತನ್ನೆದುರಿಗೆ ಇಟ್ಟುಕೊಂಡು, ಬಹಳ ಶ್ರದ್ಧೆಯಿಂದ ಎಡಗಡೆಗೇ ಹೊಲಿದ. ಅದು ಅವನ ಎಡ. ಹಾಕಿಕೊಳ್ಳುವವನಿಗೆ ಬಲ. ಗಂಡಸಿನ ಟೋಪಿಗೆ ಗಂಟು ಎಡಕ್ಕೆ, ಹೆಂಗಸಿನದಕ್ಕೆ ಬಲಕ್ಕೆ ಎಂಬುದು ಈ ಊರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಟೋಪಿ ದೊರೆಯ ಮಗನಿಗೆ ಗೊತ್ತಿರಲಿಲ್ಲ; ಹುಟ್ಟಿದಾಗಿನಿಂದ ಅವನ ತಲೆಗೆ ಬೇರೆಯವರೇ ಟೋಪಿ ಇಟ್ಟಿದ್ದರು.

ಹೊಲಿದ ಟೋಪಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುವ ಕೆಲಸ ಥೆಲ್ಮಾಳದು. ಬೇಸಿಗೆಯಿಡೀ ಅವಳು ವಿಲ್ಬರ್‌ನ ಎದುರು ಕೂತು ನೋಡಿದಳು. ಟೋಪಿಯನ್ನಲ್ಲ.

ಬಿಚ್ಚಿ ಮತ್ತೆ ಹೊಲಿದರೆ ಹುಲ್ಲಿನಲ್ಲಿ ಸೂಜಿಯ ತೂತು, ಅಂಟಿನ ಕಲೆ. ಬಿಡಿಬಿಡಿಯಾಗಿ ಮಾರಲು ಋತುವೇ ಮುಗಿಯುತ್ತ ಬಂದಿತ್ತು. ಕಳೆದ ವಾರ ಒಟ್ಟೋ ಯಾರಿಗೂ ಹೇಳದೆ ಪ್ರಾಟ್ ಕಾರ್ಖಾನೆಯ ಬಾಗಿಲಿಗೆ ಹೋಗಿ ಹಳೇ ಕೆಲಸ ಕೇಳಿ ಬಂದ. ಸೋಮವಾರದಿಂದ ಬಾ ಎಂದಿದ್ದರು. ಆ ಸಂಜೆ ಅವನು ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, ನೀರು ತುಂಬಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಚೆಲ್ಲದಂತೆ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದುದನ್ನು ಥೆಲ್ಮಾ ಕಂಡಳು. ಸದ್ದು ಮಾಡದೆ ಹೊರಗೆ ಬಂದಳು. ಅಪ್ಪ ಆ ಹಬೆಗೆ ಮರಳಿ ಹೋಗುವುದನ್ನು ಹೇಗಾದರೂ ತಪ್ಪಿಸಬೇಕೆಂದು ಬೀದಿಯಲ್ಲಿ ಗೊತ್ತುಗುರಿಯಿಲ್ಲದೆ ನಡೆಯುತ್ತಿದ್ದಾಗಲೇ ಕ್ಷೌರದಂಗಡಿಯ ಗೋಡೆಯ ಮೇಲೆ ಆ ಭಿತ್ತಿಪತ್ರ ಕಣ್ಣಿಗೆ ಬಿದ್ದದ್ದು.

'ಸೆಪ್ಟೆಂಬರ್ ಹದಿನೈದು, ಊರ ಚೌಕದಲ್ಲಿ ಹುಲ್ಲಿನ ಟೋಪಿ ದಹನ! ನಿಮ್ಮ ಹುಲ್ಲಿನ ಟೋಪಿ ತಂದು ಬೆಂಕಿಗೆ ಹಾಕಿ. ಹಾಕಿದ ಪ್ರತಿ ಟೋಪಿಗೆ ಒಂದು ಪ್ರಾಟ್ ಟೋಪಿ, ಒಂದು ಡಾಲರ್ ಅಗ್ಗವಾಗಿ!'

"ನಿಮ್ಮಪ್ಪ ಬಲು ಧಾರಾಳಿ," ಎಂದಳು ಥೆಲ್ಮಾ ಮರುದಿನ.

"ಧಾರಾಳಿ? ಸ್ನಾನದ ಸೋಪು ಸವೆದು ಎಲೆ ಆದ್ರೆ ಹೊಸದಕ್ಕೆ ಅಂಟಿಸೋ ಮನುಷ್ಯ," ಎಂದ ವಿಲ್ಬರ್. "ಈ ಊರಲ್ಲಿ ಯಾರ ಹತ್ರ ಹುಲ್ಲಿನ ಟೋಪಿ ಇದೆ ಹೇಳು? ನಾಲ್ಕು ಜನ ತಂದಾರು. ನ್ಯೂಯಾರ್ಕಿನ ಪತ್ರಿಕೆಯವರು ಫೋಟೋ ಹೊಡೀತಾರೆ. ಖರ್ಚು ನಾಲ್ಕು ಡಾಲರ್."

ಥೆಲ್ಮಾ ಒಂದು ಟೋಪಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ವಿಲ್ಬರ್, ಗಂಟು ಯಾವ ಕಡೆ ಇದೆ ಅಂತ ಬೆಂಕಿ ನೋಡತ್ತಾ?"

"ಇಲ್ಲಪ್ಪ. ಬೆಂಕಿ ಯಾಕೆ ನೋಡತ್ತೆ?" ಎಂದ ವಿಲ್ಬರ್. ಊಟ ಮುಗಿಸಿ, ತಟ್ಟೆ ತೊಳೆದು, ಒರೆಸುತ್ತ ನಿಂತವನಿಗೆ ಇದ್ದಕ್ಕಿದ್ದಂತೆ ಹೊಳೆದು ತಟ್ಟೆ ಕೈಜಾರಿತು.

*

ಚೌಕದಲ್ಲಿ ವಾದ್ಯದವರು ಕೆನ್ನೆಯುಬ್ಬಿಸಿ ಊದುತ್ತಿದ್ದರು. ವಿಶೇಷ ರೈಲಿನಲ್ಲಿ ಸುತ್ತಲಿನ ಊರುಗಳಿಂದಲೂ ಜನ ಬಂದು ಇಳಿದಿದ್ದರು. ಉದ್ದನೆಯ ಮೇಜುಗಳ ಮೇಲೆ ತುಪ್ಪಟದ ಟೋಪಿಗಳು ಗುಡ್ಡೆಗುಡ್ಡೆಯಾಗಿ ಕೂತಿದ್ದವು. ವೇದಿಕೆಯ ಮೇಲೆ ಬೂದುಬಣ್ಣದ ಟೋಪಿಯಲ್ಲಿ ಹೈರಮ್ ಪ್ರಾಟ್. ಎದುರಿಗೆ ಬುಡಕ್ಕೆ ಆಗಷ್ಟೇ ಬೆಂಕಿ ತಗುಲಿಸಿದ ಸೌದೆಯ ರಾಶಿ, ಅದರ ತುದಿಯಲ್ಲಿ ಒಂದೇ ಒಂದು ಹುಲ್ಲಿನ ಟೋಪಿ. ಅದನ್ನೂ ಅವನ ಗುಮಾಸ್ತನೇ ತಂದಿಟ್ಟಿದ್ದ. ಜನ ಜೇಬಿಗೆ ಕೈ ಹಾಕಿಕೊಂಡು ಮೇಜಿನತ್ತ ಆಸೆಯಿಂದ ನೋಡುತ್ತಿದ್ದರು. ಚಳಿಗಾಲ ಹತ್ತಿರ ಬಂದಿತ್ತು, ಕೂಲಿ ಇಳಿದಿತ್ತು, ದೇಶದ ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದವು, ಡಾಲರ್ ಡಾಲರೇ.

ರಸ್ತೆಯ ಈಚೆ ಟ್ರಕ್ಕು ನಿಂತಿತು. ವಿಲ್ಬರ್ ಮೇಲೆದ್ದು ನಿಂತು ಬಾಯಿ ತೆರೆದ. ಏನೂ ಹೊರಡಲಿಲ್ಲ.

"ಕೂಗು," ಎಂದಳು ಥೆಲ್ಮಾ.

"ಏನಂತ?"

"ರೈಲು ಬರ್ತಿದೆ ಅಂತ! ಟೋಪಿ ಅಂತ ಕೂಗು, ಮಾರಾಯ."

"ಟೋಪಿ," ಎಂದ ವಿಲ್ಬರ್, ಕ್ಷಮೆ ಕೇಳುವವನಂತೆ.

ಕ್ಷೌರದಂಗಡಿಯ ಫಿಂಚ್ ತಿರುಗಿ ನೋಡಿದ. ಅವನ ತಲೆ ಮೊಟ್ಟೆಯಷ್ಟು ನುಣ್ಣಗಿತ್ತು. ಗಿರಾಕಿಗಳ ಭರವಸೆ ಕೆಡದಿರಲೆಂದು ಅವನು ಅಂಗಡಿಯಲ್ಲಿ ತಲೆ ಕನ್ನಡಿಗೆ ಕಾಣದಂತೆ ಬಗ್ಗಿಯೇ ನಿಲ್ಲುತ್ತಿದ್ದ.

"ಎಷ್ಟಕ್ಕೆ?"

"ಅರ್ಧ ಡಾಲರ್, ಮಿಸ್ಟರ್ ಫಿಂಚ್."

"ಋತು ಮುಗಿಯೋ ದಿನ ಹುಲ್ಲಿನ ಟೋಪಿಗೆ ಅರ್ಧ ಡಾಲರ್?" ಫಿಂಚ್ ಒಂದನ್ನು ಎತ್ತಿ ತಿರುಗಿಸಿದ. "ಗಂಟು ಬೇರೆ ಬಲಗಡೆ! ನನ್ನನ್ನ ನಮ್ಮತ್ತೆ ಅಂದ್ಕೊಂಡ್ಯಾ?"

ಸುತ್ತ ನಾಲ್ಕು ಜನ ನಕ್ಕರು. ವಿಲ್ಬರ್‌ನ ಕಿವಿ ಕೆಂಪಾದವು. ಅವನು ಫಿಂಚ್‌ನ ಬೋಳುತಲೆಯನ್ನು ನೋಡಿದ, ಆಚೆ ವೇದಿಕೆಯ ಮೇಲಿದ್ದ ಅಪ್ಪನನ್ನು ನೋಡಿದ. ಅವನೊಳಗೆ ಏನೋ ಕಳಚಿಕೊಂಡದ್ದು ಪಕ್ಕದಲ್ಲಿದ್ದ ಥೆಲ್ಮಾಳಿಗೆ ಗೊತ್ತಾಯಿತು.

"ಹಾಕ್ಕೊಳ್ಳಿ ಅಂತ ಯಾರು ಹೇಳಿದ್ರು ಮಿಸ್ಟರ್ ಫಿಂಚ್? ಇದನ್ನ ಹಿಡ್ಕೊಂಡು ರಸ್ತೆ ದಾಟಿ, ಅಷ್ಟೇ. ಈ ಕಡೆ ಅರ್ಧ ಡಾಲರ್, ಆ ಕಡೆ ಒಂದು ಡಾಲರ್. ಅಷ್ಟು ಬೇಗ ದುಡ್ಡನ್ನ ಎರಡರಷ್ಟು ಮಾಡಿಕೊಡೋ ಬ್ಯಾಂಕು ಯಾವುದಿದೆ ಹೇಳಿ? ಹೋಗ್ಲಿ, ಈ ಕಾಲದಲ್ಲಿ ಬಾಗಿಲು ತೆಗೆದಿರೋ ಬ್ಯಾಂಕು ಯಾವುದಿದೆ ಹೇಳಿ!"

ಫಿಂಚ್ ಟೋಪಿ ನೋಡಿದ. ಬೆಂಕಿ ನೋಡಿದ. ತುಪ್ಪಟದ ಗುಡ್ಡೆ ನೋಡಿದ. ಅವನ ತುಟಿ ಲೆಕ್ಕ ಹಾಕುವುದು ಎಲ್ಲರಿಗೂ ಕಾಣುತ್ತಿತ್ತು.

"ಎರಡು ಕೊಡು," ಎಂದ. "ಇನ್ನೊಂದು ನಮ್ಮ ಭಾವನಿಗೆ. ಅವನಿಗೆ ಗಂಟು ಎಲ್ಲಿದ್ರೂ ಒಂದೇ, ತಲೆ ಎಲ್ಲಿದೆ ಅಂತಾನೇ ಗೊತ್ತಿಲ್ಲ."

ಆಮೇಲೆ ಕಟ್ಟೆಯೊಡೆಯಿತು. ರೈಲಿನಲ್ಲಿ ಬಂದವರು, ಕಾರ್ಖಾನೆಯವರು, ಪಾದ್ರಿ, ಪೊಲೀಸಿನವ, ತುತೂರಿ ಕಂಕುಳಿಗೆ ಸಿಕ್ಕಿಸಿಕೊಂಡ ವಾದ್ಯದವ. ಟೋಪಿಗಳು ರಸ್ತೆ ದಾಟಿ ಬೆಂಕಿಗೆ ಹಾರತೊಡಗಿದವು. ವೇದಿಕೆಯ ಮೇಲೆ ಹೈರಮ್ ಪ್ರಾಟ್ ಮೊದಮೊದಲು ಕೈ ಬೀಸಿ ಫೋಟೋಗೆ ನಿಂತ. ಬರಬರುತ್ತ ಬೀಸುವ ಕೈ ನಿಧಾನವಾಯಿತು. ಕೊನೆಗೆ ಅವನು ಕೆಳಗಿಳಿದು, ಬೆಂಕಿಯಂಚಿನಿಂದ ಒಂದು ಟೋಪಿಯನ್ನು ಎಳೆದು ತಿರುಗಿಸಿ ನೋಡಿದ.

"ಯಾವ ಕತ್ತೆ ಹೊಲಿದಿದ್ದು ಇದನ್ನ?"

ಗುಮಾಸ್ತ ಕೆಮ್ಮಿದ. "ತಮ್ಮ ಮಗ, ಸರ್."

ನಿಲ್ಲಿಸುವಂತಿರಲಿಲ್ಲ. ಪತ್ರಿಕೆಯವರು ಎದುರಿಗೇ ಇದ್ದರು. ಕೊಟ್ಟ ಮಾತು ಊರ ಗೋಡೆಗಳ ಮೇಲೆಲ್ಲ ಅಂಟಿಕೊಂಡಿತ್ತು. ಇತ್ತ ಟ್ರಕ್ಕಿನ ಮೇಲೆ ವಿಲ್ಬರ್‌ನ ಗಂಟಲು ಕಟ್ಟಿದ್ದರೂ ಬಾಯಿ ನಿಂತಿರಲಿಲ್ಲ.

"ಅರ್ಧ ಡಾಲರ್! ಬನ್ನಿ, ಸುಡೋಕೇ ಅಂತ ಹೊಲಿದಿದ್ದು! ಅರ್ಧ ಡಾಲರ್! ಥೆಲ್ಮಾ, ನನ್ನ ಮದುವೆ ಆಗ್ತೀಯಾ? ಅರ್ಧ ಡಾಲರ್!"

"ಆ ದಪ್ಪ ಮನುಷ್ಯರಿಗೆ ಚಿಲ್ಲರೆ ಕೊಡು ಮೊದಲು."

"ಕೊಡ್ತಿದ್ದೀನಿ. ಆಗ್ತೀಯೋ ಇಲ್ವೋ?"

"ಅವರು ಕೊಟ್ಟಿದ್ದು ಐದು ಡಾಲರ್ ನೋಟು, ಸರಿಯಾಗಿ ನೋಡು. ಹ್ಞೂಂ, ಆಗ್ತೀನಿ."

"ಅವಳು ಹ್ಞೂಂ ಅಂದ್ಳು!" ಎಂದು ದಪ್ಪ ಮನುಷ್ಯ ಹಿಂದಿನವರಿಗೆ ಸಾರಿದ. ಸಾಲಿನುದ್ದಕ್ಕೂ ಚಪ್ಪಾಳೆ ಬಿತ್ತು. ವಿಲ್ಬರ್ ಅವನಿಗೆ ಚಿಲ್ಲರೆಯ ಜೊತೆ ಅವನ ಐದು ಡಾಲರ್ ನೋಟನ್ನೂ ಕೊಟ್ಟುಬಿಟ್ಟ. ಥೆಲ್ಮಾ ಬಾಗಿ ಅದನ್ನು ನಯವಾಗಿ ವಾಪಸು ತೆಗೆದುಕೊಂಡಳು.

ಮಧ್ಯಾಹ್ನದ ಗಂಟೆ ಬಾರಿಸುವ ಹೊತ್ತಿಗೆ ಟ್ರಕ್ಕಿನಲ್ಲಿ ಒಂದೇ ಟೋಪಿ ಉಳಿದಿತ್ತು. ಸಂಗತಿ ಕೇಳಿ ಓಡೋಡಿ ಬಂದಿದ್ದ ಒಟ್ಟೋ ಅದನ್ನು ಮಾರಲು ಬಿಡದೆ ತನ್ನ ತಲೆಗೆ ಏರಿಸಿಕೊಂಡು, ಟ್ರಕ್ಕಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಸಿಕ್ಕ ಹಣ ಚಳಿಗಾಲಕ್ಕೆ ಸಾಲುತ್ತಿತ್ತು. ಸೋಮವಾರ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಆಗ ಹೈರಮ್ ಪ್ರಾಟ್ ಬಂದ. ಮೀಸೆಗೆ ಮಸಿ ಹತ್ತಿತ್ತು. ಜನ ದಾರಿ ಬಿಟ್ಟರು.

"ಈ ಉಪಾಯ ಯಾರದ್ದು?"

"ನನ್ನದು, ಮಿಸ್ಟರ್ ಪ್ರಾಟ್," ಎಂದಳು ಥೆಲ್ಮಾ.

"ಮಾರಿದ್ದು?"

"ನಾನು," ಎಂದ ವಿಲ್ಬರ್. "ಮೊದಲನೇ ಗಿರಾಕಿ ಬೋಳುತಲೆಯವರು, ಅಪ್ಪ. ಹಿಮ ಮಾತ್ರ ಇರಲಿಲ್ಲ."

ಹೈರಮ್ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಅಂಗಡಿಯಲ್ಲಿ ಯಾರೋ ಮರೆತು ಹೋದ ಸಾಮಾನನ್ನು ನೋಡುವ ಹಾಗೆ. ಆಮೇಲೆ ಅವನ ಭುಜ ಕುಲುಕತೊಡಗಿತು. ಅದು ಸಿಟ್ಟಲ್ಲ, ನಗು ಎಂದು ಜನಕ್ಕೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಲವತ್ತು ವರ್ಷ ಊರಿಗೆಲ್ಲ ಟೋಪಿ ಹಾಕಿದವನು ನಾನು. ಇವತ್ತು ನನಗೇ ಹಾಕಿದ್ರಿ!" ಅವನು ಕಣ್ಣೊರೆಸಿಕೊಂಡ. "ಮೇಜಿನ ಮೇಲೆ ಒಂದು ಟೋಪಿ ಉಳಿದಿಲ್ಲ. ನಾಳೆ ಎಲ್ಲಾ ಪತ್ರಿಕೇಲೂ ನನ್ನ ಫೋಟೋ. ಕೇಳು ಹುಡುಗಿ, ನಿನ್ನಂಥ ತಲೆ ನನ್ನ ಕಂಪನೀಲಿ ಒಂದೂ ಇಲ್ಲ, ಇರೋವೆಲ್ಲ ಟೋಪಿ ಇಡೋ ಅಚ್ಚುಗಳು. ಆ ಕುದುರೆ ಲಾಯ ನನಗೆ ಕೊಟ್ಬಿಡು, ಎರಡರಷ್ಟು ಬೆಲೆ ಕೊಡ್ತೀನಿ. ಹುಲ್ಲಿನ ಕೆಲಸ ಮುಚ್ಚಿಬಿಡೋಣ. ಮಾರಾಟಕ್ಕೆಲ್ಲ ನೀನೇ ಯಜಮಾನಿ. ರತ್ನಗಂಬಳಿ ಹಾಸಿದ ಕೋಣೆ ಕೊಡ್ತೀನಿ. ಮದುವೆ ಖರ್ಚು ನಂದು. ನಿನ್ನ ಒಂಬತ್ತು ಜನಕ್ಕೂ ಹಳೇ ಕೆಲಸ ಉಂಟು. ಒಟ್ಟೋ, ನಿನಗೆ ಮೇಸ್ತ್ರಿ ಕೆಲಸ. ಹಬೆ ಕೋಣೇಲಿ ನಿಂತ್ಕೋಬೇಕಾಗಿಲ್ಲ, ಕುರ್ಚಿ ಹಾಕಿಸ್ತೀನಿ."

ಒಟ್ಟೋ ಜೇಬಿನಿಂದ ಕೈ ಹೊರತೆಗೆದ. ಪೈಪಿಗೆ ಕಡ್ಡಿ ಗೀರಿದ. ಕೈ ನಡುಗಿ ಆರಿತು. ಇನ್ನೊಂದು ಗೀರಿದ. ಈ ಸಲ ವಿಲ್ಬರ್ ತನ್ನಷ್ಟಕ್ಕೆ ಬಾಗಿ, ಆ ಕೈಗಳ ಸುತ್ತ ತನ್ನ ಕೈಗಳನ್ನು ಬೊಗಸೆಯಾಗಿಸಿ ಹಿಡಿದ. ಪೈಪು ಹೊತ್ತಿಕೊಂಡಿತು. ಬಲಗಡೆ ಗಂಟಿನ ಟೋಪಿಯಡಿಯಿಂದ ಹೊಗೆ ಏರಿತು. ಒಟ್ಟೋ ಮಗಳ ಕಡೆ ನೋಡಿ, ನೀನೇ ಹೇಳು ಎನ್ನುವಂತೆ ಗಲ್ಲ ಎತ್ತಿದ.

ಹೈರಮ್ ಚೆಕ್ ಪುಸ್ತಕ ತೆಗೆದು ಟ್ರಕ್ಕಿನ ಅಂಚಿಗೆ ಒತ್ತಿ ಹಿಡಿದ. ಪೆನ್ನಿನ ಮುಚ್ಚಳ ಬಿಚ್ಚಿದ. "ಎರಡರಷ್ಟು ಸಾಲದು ಅಂದ್ರೆ ಅಂಕಿ ನೀನೇ ಬರಿ. ನಾನು ನೋಡೋದೂ ಇಲ್ಲ, ಸಹಿ ಹಾಕ್ತೀನಿ."

ಥೆಲ್ಮಾ ಪೆನ್ನು ತೆಗೆದುಕೊಂಡಳು. ಅದರ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಅವನ ಕೋಟಿನ ಎದೆಜೇಬಿಗೆ ಅಂದವಾಗಿ ಸಿಕ್ಕಿಸಿದಳು.

"ಇಲ್ಲ, ಮಿಸ್ಟರ್ ಪ್ರಾಟ್," ಎಂದಳು. "ನಾವು ಮಾರೋದಿಲ್ಲ."